ಹೊಸ ನೋಟದ ಚಿತ್ರಗಳು ಯಾರ ಸ್ವತ್ತು?

ಕಲೆ, ವಿನ್ಯಾಸಗಳಲ್ಲಿ ಅಭಿರುಚಿಯುಳ್ಳವರು ನೋಡತಕ್ಕ ಚಲಚ್ಚಿತ್ರಗಳು ಇಂತಿಂಥವು ಎಂದು ಪಟ್ಟಿ ಮಾಡುವ ರೂಢಿಯೊಂದು ಬೆಳೆದಿದೆ. ದೊಡ್ಡ ಊರುಗಳ ಕಲಾಶಾಲೆಗಳಲ್ಲಿ ಓದುವವರು, ಮನೆಗಳ ನಕ್ಷೆ ಬರೆಯುವವರು, ಜಾಹೀರಾತಿನ ಕಂಪನಿಗಳಲ್ಲಿ ದುಡಿಯುವವರು ಈ ಪಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಪಟ್ಟಿಯ ಬಗ್ಗೆ ನಮ್ಮದೇನೂ ತಕರಾರಿಲ್ಲ. ಅದರಲ್ಲಿರುವ ಚಿತ್ರಗಳು ಬಹುಪಾಲು ಒಳ್ಳೆಯವೇ. ಆದರೆ ‘ಅಭಿರುಚಿಯುಳ್ಳವರು’ ಎಂಬ ಮಾತಿನೊಳಗೆ ಯಾರನ್ನು ಕರೆದಿದ್ದಾರೆ, ಯಾರನ್ನು ಹೊರಗೆ ನಿಲ್ಲಿಸಿದ್ದಾರೆ ಎಂಬುದರ ಬಗ್ಗೆ ಮಾತ್ರ ತಕರಾರುಂಟು.

ಇಳಕಲ್ಲಿನ ನೇಕಾರನು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿಕೊಂಡು, ಕುಣಿಕೆಗೆ ಕುಣಿಕೆ ಕೂಡಿಸಿ ನೇಯುತ್ತಾನೆ. ಕಿನ್ನಾಳದ ಚಿತ್ರಗಾರನು ಹಗುರವಾದ ಮರಕ್ಕೆ ಬಣ್ಣ ಹಚ್ಚಿ ಜೀವ ಬರಿಸುತ್ತಾನೆ. ಯಕ್ಷಗಾನದ ವೇಷಧಾರಿ ಕನ್ನಡಿಯ ಮುಂದೆ ಕುಳಿತು ತನ್ನ ಮುಖವನ್ನೇ ಚಿತ್ರದ ಹಲಗೆ ಮಾಡಿಕೊಳ್ಳುತ್ತಾನೆ. ಹೆಣ್ಣುಮಕ್ಕಳು ಬೆಳಗಾದರೆ ಚುಕ್ಕಿಯಿಟ್ಟು ರಂಗೋಲಿ ಎಳೆಯುತ್ತಾರೆ. ಅಂಗಡಿಗಳ ನಾಮಫಲಕ ಬರೆಯುತ್ತಿದ್ದವನಿಗೆ ಅಕ್ಷರದ ಹೊಟ್ಟೆ ಎಷ್ಟು ಉಬ್ಬಬೇಕು, ಬಾಲ ಎಷ್ಟು ಇಳಿಯಬೇಕು ಎಂಬುದು ಕೈಗೇ ಗೊತ್ತಿತ್ತು. ಇವರು ವಿನ್ಯಾಸ ಬಲ್ಲವರಲ್ಲವೇ? ಇವರಿಗೆ ಇಲ್ಲದ ಕಣ್ಣು ಯಾರಿಗಿದೆ? ಆದರೂ ಇಂಥ ಚಿತ್ರಗಳನ್ನು ತೋರಿಸುವಾಗ ಇವರನ್ನು ಕರೆಯುವವರು ಯಾರೂ ಇಲ್ಲ. ಇವರ ಪಾಲಿಗೆ ಉಳಿಯುವುದು ಕೋಟಿಗಟ್ಟಲೆ ಸುರಿದು ತೆಗೆದ ಅಬ್ಬರದ ಚಿತ್ರಗಳು ಮಾತ್ರ.

ಹಣವಿದ್ದರೆ ಹೊಸ ನೋಟ ಹುಟ್ಟುತ್ತದೆಂಬುದು ಬಂಡವಾಳಗಾರರು ಹಬ್ಬಿಸಿದ ಮಾತು. ಚಲಚ್ಚಿತ್ರದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ೧೯೨೦ರಲ್ಲಿ ಬರ್ಲಿನ್ನಿನಲ್ಲಿ ‘ಡಾಕ್ಟರ್ ಕ್ಯಾಲಿಗರಿಯ ಪೆಟ್ಟಿಗೆ’ ಎಂಬ ಮೂಕಿಚಿತ್ರ ತೆರೆಕಂಡಿತು. ನಿರ್ದೇಶಕ ರಾಬರ್ಟ್ ವೀನೆ. ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ದೇಶ ಅದು. ಹರ್ಮನ್ ವಾರ್ಮ್, ವಾಲ್ಟರ್ ರೈಮನ್, ವಾಲ್ಟರ್ ರೋರಿಗ್ ಎಂಬ ಮೂವರು ಕಲಾವಿದರು ಬಟ್ಟೆಯ ಮೇಲೆ ಬಣ್ಣ ಬಳಿದು ಒಂದು ಇಡೀ ಊರನ್ನೇ ನಿಲ್ಲಿಸಿದರು. ಗೋಡೆಗಳು ಓರೆ, ಕಿಟಕಿಗಳು ಸೊಟ್ಟ, ಬೀದಿಗಳು ಚಾಕುವಿನ ಮೊನೆಯಂತೆ ಚೂಪು. ನೆರಳನ್ನು ಕೂಡ ದೀಪದಿಂದ ಬೀಳಿಸದೆ ಕುಂಚದಿಂದಲೇ ಬರೆದರು. ಜಾತ್ರೆಯಲ್ಲಿ ಆಟ ತೋರಿಸುವ ಒಬ್ಬ ಡಾಕ್ಟರು, ಅವನ ಅಪ್ಪಣೆಯಂತೆ ನಿದ್ದೆಯಲ್ಲೇ ನಡೆದುಹೋಗಿ ಕೊಲೆ ಮಾಡುವ ಒಬ್ಬ ಬಡಪಾಯಿ, ಇದು ಕಥೆ. ಕಥೆ ಬರೆದ ಇಬ್ಬರಲ್ಲಿ ಒಬ್ಬನಾದ ಹಾನ್ಸ್ ಯಾನೊವಿಟ್ಸ್ ಯುದ್ಧದಲ್ಲಿ ಅಧಿಕಾರಿಯಾಗಿದ್ದು, ಯುದ್ಧವನ್ನೇ ದ್ವೇಷಿಸುತ್ತ ಮರಳಿದವನು. ಅಪ್ಪಣೆ ಕೊಡುವವನೊಬ್ಬ, ಕಣ್ಣುಮುಚ್ಚಿ ಕೊಲ್ಲುವವನೊಬ್ಬ ಎಂಬ ಮಾತಿನ ಅರ್ಥ ಆ ಕಾಲದ ಜನಕ್ಕೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೊನೆಗೆ ಈ ಕಥೆಯನ್ನು ಹೇಳಿದವನೇ ಹುಚ್ಚನೆಂದು ತೋರಿಸಿ, ಡಾಕ್ಟರನನ್ನು ಒಳ್ಳೆಯವನನ್ನಾಗಿ ಮಾಡಿದರು. ಅಧಿಕಾರದ ಮಾನ ಉಳಿಯಿತು. ಆದರೆ ಆ ಹುಚ್ಚಾಸ್ಪತ್ರೆಯ ಅಂಗಳಕ್ಕೆ ಬಳಿದ ಗೆರೆಗಳು ಮೊದಲಿನಂತೆಯೇ ಉಳಿದವು. ಕಥೆ ರಾಜಿಯಾಯಿತು, ಬಣ್ಣ ರಾಜಿಯಾಗಲಿಲ್ಲ. ಕಣ್ಣಿಟ್ಟು ನೋಡುವವನಿಗೆ ಮಾತ್ರ ಈ ವ್ಯತ್ಯಾಸ ತಿಳಿಯುತ್ತದೆ. ನೋಡುವುದನ್ನು ಕಲಿಯಬೇಕು ಎನ್ನುವುದು ಇದಕ್ಕೇ.

ಅದೇ ಜರ್ಮನಿಯಲ್ಲಿ ಲೊಟ್ಟೆ ರೈನಿಗರ್ ಎಂಬ ಹೆಣ್ಣುಮಗಳು ೧೯೨೩ರಿಂದ ೧೯೨೬ರವರೆಗೆ ದುಡಿದು ‘ರಾಜಕುಮಾರ ಅಹ್ಮದನ ಸಾಹಸಗಳು’ ಎಂಬ ಚಿತ್ರ ಮಾಡಿದಳು. ಹಣದುಬ್ಬರಕ್ಕೆ ಹೆದರಿ ಫಿಲ್ಮಿನ ಸುರುಳಿಗಳನ್ನು ಕೊಂಡಿಟ್ಟಿದ್ದ ಲೂಯಿ ಹಾಗೆನ್ ಎಂಬ ಬ್ಯಾಂಕಿನ ಯಜಮಾನ ಅವಳಿಗೆ ಅವನ್ನು ಒದಗಿಸಿದ. ಸ್ಟುಡಿಯೋ ಎಂದರೆ ಪಾಟ್ಸ್‌ಡಾಮಿನಲ್ಲಿ ಅವನ ಕಾರು ನಿಲ್ಲಿಸುವ ಕೊಟ್ಟಿಗೆಯ ಮೇಲಿನ ಜಾಗ. ಸಾಮಗ್ರಿಯೆಂದರೆ ಕಪ್ಪು ರಟ್ಟು, ಸೀಸದ ತೆಳು ತಗಡು, ತಂತಿ ಮತ್ತು ಒಂದು ಕತ್ತರಿ. ಗಾಜಿನ ಮೇಜಿನ ಮೇಲೆ ಗೊಂಬೆಯನ್ನಿಟ್ಟು, ಕೆಳಗಿನಿಂದ ಬೆಳಕು ಬಿಟ್ಟು, ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು ಚಿತ್ರ, ಹೀಗೆ ಮೂರು ವರ್ಷ ನಡೆಯಿತು. ಗಂಡ ಕಾರ್ಲ್ ಕಾಖ್ ಕ್ಯಾಮರಾ ನೋಡಿಕೊಂಡ. ಡಿಸ್ನಿಯ ಮೊದಲ ದೊಡ್ಡ ಚಿತ್ರಕ್ಕಿಂತ ಹತ್ತು ವರ್ಷಕ್ಕೂ ಹಿಂದಿನ ಮಾತಿದು. ಇಂದಿಗೆ ಉಳಿದಿರುವ ಸಂಪೂರ್ಣ ಉದ್ದದ ಚಲಿಸುವ ಚಿತ್ರಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು.

ಅವಳ ವಿದ್ಯೆ ನಮಗೆ ಪರಕೀಯವಲ್ಲ. ತೊಗಲುಗೊಂಬೆಯಾಟದ ನಾಡು ನಮ್ಮದು. ಅವಳದು ಕರಿಯ ನೆರಳು, ನಮ್ಮದು ಹದಮಾಡಿದ ಚರ್ಮದೊಳಗಿನಿಂದ ಬಣ್ಣ ಹೊಳೆಯುವ ನೆರಳು, ಅಷ್ಟೇ ಭೇದ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ತೊಂಬತ್ತು ದಾಟಿದ ಮೇಲೆ ಬಂದ ಬಿರುದು ಅದು. ಬಿರುದು ಕೊಟ್ಟರೆ ಸಾಲದು. ಗೊಂಬೆಯಾಡಿಸುವ ಮನೆಗಳ ಮಕ್ಕಳಿಗೆ ರೈನಿಗರಳ ಚಿತ್ರವನ್ನು ಒಮ್ಮೆಯಾದರೂ ತೋರಿಸಿದವರುಂಟೇ? ತಮ್ಮ ಮನೆಯ ವಿದ್ಯೆ ಪರದೆಯ ಮೇಲೆ ಏನೇನಾಗಬಲ್ಲದೆಂದು ತಿಳಿಯುವ ಹಕ್ಕು ಅವರಿಗಿಲ್ಲವೇ?

ನಮ್ಮವರನ್ನೇ ನೋಡಿರಿ. ೧೯೨೩ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲನ್ನೂ ಕಂಡ ವಿ. ಕೆ. ಮೂರ್ತಿಯವರು ಮುಂಬಯಿಗೆ ಹೋಗಿ ಗುರುದತ್ತರ ಚಿತ್ರಗಳಿಗೆ ಕಣ್ಣಾದರು. ೧೯೫೯ರ ‘ಕಾಗಜ್ ಕೆ ಫೂಲ್’ ನಮ್ಮ ದೇಶದ ಮೊದಲ ಸಿನೆಮಾಸ್ಕೋಪ್ ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೋದ ಕತ್ತಲಿನೊಳಗೆ ಮೇಲಿನಿಂದ ಬೆಳಕಿನ ಕಂಬವೊಂದು ಇಳಿದು, ಇಬ್ಬರು ಒಂಟಿಗಳ ನಡುವೆ ನಿಲ್ಲುವ ದೃಶ್ಯವಿದೆ. ಅದಕ್ಕೆ ಮೂರ್ತಿಯವರು ಬಳಸಿದ್ದು ದುಬಾರಿ ದೀಪವನ್ನಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಹಿಡಿದು ಒಳಗೆ ತಿರುಗಿಸಿದರು. ಬಿಸಿಲಿಗೆ ಬೆಲೆ ಕಟ್ಟುವ ಸಾಹುಕಾರ ಇನ್ನೂ ಹುಟ್ಟಿಲ್ಲ! ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು, ಬೆಳಕು ಸೋಲಲಿಲ್ಲ. ೨೦೦೮ರ ಸಾಲಿನ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಆ ಕನ್ನಡಿಗಳನ್ನು ಹೊತ್ತು ನಿಲ್ಲಿಸಿದ ಕೂಲಿಕಾರರ ಹೆಸರನ್ನು ಮಾತ್ರ ನಾವಾರೂ ಹೇಳುವುದಿಲ್ಲ.

೧೯೭೦ರ ‘ಸಂಸ್ಕಾರ’ವನ್ನೂ ಇಲ್ಲಿ ನೆನೆಯಬೇಕು. ಲೋಹಿಯಾ ವಿಚಾರದಿಂದ ಬೆಳೆದ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಆ ಚಿತ್ರಕ್ಕೆ ಕಲಾನಿರ್ದೇಶಕರಾಗಿದ್ದವರು ಚಿತ್ರಕಾರ ಎಸ್. ಜಿ. ವಾಸುದೇವ್. ಕೃತಕ ಅರಮನೆಗಳಿಲ್ಲದೆ, ಮಲೆನಾಡಿನ ಒಂದು ಅಗ್ರಹಾರದ ಜಗುಲಿ, ಕಂಬ, ಹೊಳೆಗಳಿಂದಲೇ ಒಂದು ಸಮಾಜದ ಉಸಿರುಕಟ್ಟನ್ನು ಅವರು ಕಣ್ಣಿಗೆ ಕಟ್ಟಿದರು. ಬಡತನವು ಕಲೆಗೆ ಅಡ್ಡಿಯಾಗಲಿಲ್ಲ.

ಹಾಗೆಂದು ಬಡತನವನ್ನೇ ಹೊಗಳುತ್ತ ಕೂರುವುದು ಮೋಸದ ಮಾತು. ಹೊಸದನ್ನು ಮಾಡುವವನಿಗೆ ಅನ್ನವೂ ಬಿಡುವೂ ಬೇಕು. ಅದನ್ನು ಕೊಟ್ಟದ್ದು ಅನೇಕ ಕಡೆ ಸಾರ್ವಜನಿಕ ಸಂಸ್ಥೆಗಳೇ. ಕೆನಡಾ ದೇಶದ ರಾಷ್ಟ್ರೀಯ ಚಲಚ್ಚಿತ್ರ ಮಂಡಳಿಯಲ್ಲಿ ೧೯೪೧ರಲ್ಲಿ ಕೆಲಸಕ್ಕೆ ಸೇರಿದ ನಾರ್ಮನ್ ಮೆಕ್‌ಲಾರೆನ್ ಎಂಬಾತ, ಕ್ಯಾಮರಾದ ಹಂಗೇ ಇಲ್ಲದೆ ಫಿಲ್ಮಿನ ಮೇಲೆ ನೇರವಾಗಿ ಶಾಯಿಯಿಂದ ಬರೆದು ಚಿತ್ರ ಮಾಡಿದ. ಅವನ ೧೯೫೨ರ ‘ನೇಬರ್ಸ್’ ಚಿತ್ರದಲ್ಲಿ ಇಬ್ಬರು ನೆರೆಯವರು ಬದುವಿನಲ್ಲಿ ಅರಳಿದ ಒಂದು ಹೂವಿಗಾಗಿ ಬೇಲಿ ಹಾಕಿ, ಬಡಿದಾಡಿ, ಕೊನೆಗೆ ಇಬ್ಬರೂ ಸಾಯುತ್ತಾರೆ. ಜೀವಂತ ಮನುಷ್ಯರನ್ನೇ ಗೊಂಬೆಗಳಂತೆ ಒಂದೊಂದು ಚೌಕಟ್ಟಿಗೆ ಸರಿಸಿ ತೆಗೆದ ಚಿತ್ರವದು. ಮಾತಿಲ್ಲ, ಭಾಷೆಯ ತೊಡಕಿಲ್ಲ. ಬದುವಿನ ಜಗಳ ಕಂಡ ಯಾವ ರೈತನಿಗೆ ಅದು ಅರ್ಥವಾಗುವುದಿಲ್ಲ?

ನಮ್ಮಲ್ಲಿಯೂ ೧೯೪೮ರಲ್ಲಿ ಫಿಲ್ಮ್ಸ್ ಡಿವಿಜನ್ ಸ್ಥಾಪನೆಯಾಯಿತು. ಅದು ತೆಗೆದದ್ದೆಲ್ಲ ಚಿನ್ನವಲ್ಲ. ಸರಕಾರದ ತುತ್ತೂರಿಯಾಗಿ ಊದಿದ್ದೇ ಹೆಚ್ಚು. ಆದರೂ ೧೯೬೭ರಲ್ಲಿ ಎಂ. ಎಫ್. ಹುಸೇನರು ಅದಕ್ಕಾಗಿ ‘ಚಿತ್ರಕಾರನ ಕಣ್ಣಿನಿಂದ’ ಎಂಬ ಕಿರುಚಿತ್ರ ಮಾಡಿದರು. ರಾಜಸ್ಥಾನದ ಬೀದಿಗಳು, ಕೊಡೆ, ಕಂದೀಲು, ಚಪ್ಪಲಿ ಇಷ್ಟೇ ಅದರ ಬಂಡವಾಳ. ಬರ್ಲಿನ್ ಚಿತ್ರೋತ್ಸವದಲ್ಲಿ ಅದಕ್ಕೆ ಕಿರುಚಿತ್ರದ ಚಿನ್ನದ ಕರಡಿ ಬಂತು. ೧೯೬೮ರಲ್ಲಿ ಪ್ರಮೋದ್ ಪತಿಯವರು ‘ಎಕ್ಸ್‌ಪ್ಲೋರರ್’ ತೆಗೆದರು. ಆ ಕಾಲದಲ್ಲಿ ಫಿಲ್ಮ್ಸ್ ಡಿವಿಜನ್ನಿನ ಚಿತ್ರಗಳನ್ನು ಮುಖ್ಯ ಚಿತ್ರಕ್ಕೆ ಮೊದಲು ಟಾಕೀಸುಗಳು ಕಡ್ಡಾಯವಾಗಿ ತೋರಿಸಬೇಕಿತ್ತು. ಹತ್ತರಲ್ಲಿ ಒಂಬತ್ತು ಬೇಸರ ತಂದರೂ, ನೆಲದ ಟಿಕೀಟಿನವನಿಗೂ ಎಂದಾದರೊಮ್ಮೆ ಒಂದು ಹೊಸ ನೋಟ ದಕ್ಕುವ ದಾರಿ ಅದಾಗಿತ್ತು. ೨೦೨೨ರಲ್ಲಿ ಆ ಸಂಸ್ಥೆಯನ್ನು ಚಲಚ್ಚಿತ್ರ ಅಭಿವೃದ್ಧಿ ನಿಗಮದೊಳಗೆ ಕರಗಿಸಿದರು. ನಿಗಮವೆಂದ ಮೇಲೆ ಲಾಭನಷ್ಟದ ಲೆಕ್ಕ ಬರದೆ ಇರುತ್ತದೆಯೇ? ಕೊಡೆ, ಕಂದೀಲುಗಳ ಚಿತ್ರಕ್ಕೆ ಆ ಲೆಕ್ಕದಲ್ಲಿ ಜಾಗವೆಲ್ಲಿ?

ನಮ್ಮ ಸಂಗಾತಿಗಳಲ್ಲೇ ಕೆಲವರು ಕೇಳಬಹುದು: ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆಯೇ? ಕೂಲಿ, ಭೂಮಿ, ಔಷಧಗಳ ಪ್ರಶ್ನೆ ಬಿಟ್ಟು ಸೊಟ್ಟ ಗೋಡೆಗಳ ಮಾತೇಕೆ? ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವನ್ನೂ ಚಲಚ್ಚಿತ್ರದಿಂದಲೇ ಕೊಡಬಹುದು. ೧೯೩೪ರಲ್ಲಿ ನ್ಯೂರೆಂಬರ್ಗಿನಲ್ಲಿ ನಡೆದ ನಾಜಿ ಪಕ್ಷದ ಸಮ್ಮೇಳನವನ್ನು ಲೆನಿ ರೀಫೆನ್‌ಸ್ಟಾಲ್ ಚಿತ್ರೀಕರಿಸಿ ಮರುವರ್ಷ ‘ಸಂಕಲ್ಪದ ವಿಜಯ’ವೆಂದು ತೆರೆಗೆ ತಂದಳು. ಧ್ವಜಸ್ತಂಭಕ್ಕೆ ಲಿಫ್ಟು ಕಟ್ಟಿ ಕ್ಯಾಮರಾವನ್ನು ಮೇಲೇರಿಸಿದಳು. ಸಾವಿರಾರು ಜನ ಗೆರೆ ಎಳೆದಂತೆ ನಿಂತ ಆ ನೋಟ ಇಂದಿಗೂ ವಿನ್ಯಾಸದ ಪಟ್ಟಿಗಳಲ್ಲಿ ಬರುತ್ತದೆ. ನೋಟವೇನೋ ಹೊಸದೇ. ಆದರೆ ಅಲ್ಲಿ ಮನುಷ್ಯನಿಲ್ಲ, ಬರೀ ಇಟ್ಟಿಗೆಗಳಿವೆ. ಇದೇ ನಿರ್ದೇಶಕಿ ಮುಂದೆ ‘ಟೀಫ್‌ಲಾಂಡ್’ ಎಂಬ ಚಿತ್ರಕ್ಕೆ ಸೆರೆಶಿಬಿರಗಳಲ್ಲಿ ಕೂಡಿಹಾಕಿದ್ದ ರೋಮಾ ಮತ್ತು ಸಿಂಟಿ ಜನರನ್ನು ತಂದು ಗುಂಪಿನ ಪಾತ್ರಗಳಲ್ಲಿ ನಿಲ್ಲಿಸಿದಳು. ಅವರಲ್ಲಿ ಅನೇಕರು ಆಮೇಲೆ ಔಷ್‌ವಿಟ್ಸಿನಲ್ಲಿ ಕೊಲೆಯಾದರು.

ಚೆಲುವಾದದ್ದೆಲ್ಲ ಒಳ್ಳೆಯದಲ್ಲ ಎಂಬ ಪಾಠವನ್ನು ಭಾಷಣದಿಂದ ಕಲಿಸಲಾಗದು. ‘ಸಂಕಲ್ಪದ ವಿಜಯ’ವನ್ನೂ ‘ನೇಬರ್ಸ್’ ಅನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವನು ಹೇಳದೆಯೇ ಕಲಿಯುತ್ತಾನೆ. ಒಂದು ಮನುಷ್ಯರನ್ನು ಸಾಲಾಗಿ ನಿಲ್ಲಿಸಿ ಮೈಮರೆಸುತ್ತದೆ, ಇನ್ನೊಂದು ಮನುಷ್ಯರನ್ನು ಗೊಂಬೆಗಳಂತೆ ಆಡಿಸಿಯೇ ಅವರು ಗೊಂಬೆಗಳಲ್ಲವೆಂದು ಎಚ್ಚರಿಸುತ್ತದೆ. ಇಂದು ಅಂಗೈಯಗಲದ ಫೋನಿನಲ್ಲಿ ಹಗಲಿರುಳು ಚಿತ್ರಗಳ ಸುರಿಮಳೆಯಾಗುತ್ತಿದೆ. ನಾಯಕರ ಮೆರವಣಿಗೆಗಳನ್ನು ಆಕಾಶದಿಂದ ತೆಗೆದು ತೋರಿಸುತ್ತಾರೆ. ಯಂತ್ರವೇ ಸುಳ್ಳು ಮುಖಗಳನ್ನು ಹುಟ್ಟಿಸುತ್ತದೆ. ನೋಡಲು ಕಲಿಯದ ಜನವನ್ನು ಕಣ್ಣಿನ ಮೂಲಕವೇ ದೋಚಬಹುದು. ಆದ್ದರಿಂದ ಇದು ಜುಟ್ಟಿನ ಮಲ್ಲಿಗೆಯಲ್ಲ, ಹೊಟ್ಟೆಯ ಹಿಟ್ಟಿನ ಕಾವಲೂ ಹೌದು.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಯೋಜನೆಯೇನೂ ಬೇಡ. ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾನೂನಿನಂತೆ ನಾವೆಲ್ಲ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ. ಆ ಹಣದಿಂದ ನಡೆಯುವ ಗ್ರಂಥಾಲಯಗಳಲ್ಲಿ ತಿಂಗಳಿಗೊಂದು ಸಂಜೆ ಒಂದು ಬಿಳಿಯ ಪರದೆ ಕಟ್ಟಲಿ. ನಮ್ಮ ಕಾನೂನಿನಲ್ಲಿ ಚಲಚ್ಚಿತ್ರದ ಹಕ್ಕು ಪ್ರಕಟಣೆಯ ನಂತರ ೬೦ ವರ್ಷಗಳಿಗೆ ಮುಗಿಯುತ್ತದೆ. ಕ್ಯಾಲಿಗರಿಗೂ ಅಹ್ಮದನಿಗೂ ಆ ಅವಧಿ ಮುಗಿದು ಬಹಳ ಕಾಲವಾಯಿತು. ಮೆಕ್‌ಲಾರೆನ್ನನ ಅನೇಕ ಚಿತ್ರಗಳನ್ನು ಕೆನಡಾದ ಮಂಡಳಿಯೇ ಅಂತರ್ಜಾಲದಲ್ಲಿ ಉಚಿತವಾಗಿ ನೋಡಲು ಇಟ್ಟಿದೆ, ಸಭೆಯಲ್ಲಿ ತೋರಿಸಲು ಒಂದು ಪತ್ರ ಬರೆದು ಅನುಮತಿ ಕೇಳಿದರಾಯಿತು. ಇವುಗಳಲ್ಲಿ ಬಹುಪಾಲು ಮಾತಿಲ್ಲದ ಚಿತ್ರಗಳು. ಇಂಗ್ಲಿಷು ಬಾರದವನನ್ನು ಬಾಗಿಲಲ್ಲೇ ತಡೆಯುವ ಕಾವಲುಗಾರ ಇಲ್ಲಿಲ್ಲ. ಮೂಕಿಚಿತ್ರದ ನಡುನಡುವೆ ಬರುವ ಬರಹಗಳನ್ನು ಶಾಲೆಯ ಮೇಷ್ಟ್ರೊಬ್ಬರು ಕನ್ನಡದಲ್ಲಿ ಹೇಳಿದರೆ ಸಾಕು.

ಮೊದಲನೆಯ ಸಾಲಿನಲ್ಲಿ ಯಾರು ಕೂರಬೇಕೆಂಬುದನ್ನೂ ಈಗಲೇ ಹೇಳಿಬಿಡುತ್ತೇವೆ. ಅಧ್ಯಕ್ಷರಿಗೆ, ಉದ್ಘಾಟಕರಿಗೆ ಅಲ್ಲಿ ಕುರ್ಚಿ ಬೇಡ. ಫ್ಲೆಕ್ಸು ಬಂದು ಕೆಲಸ ಕಳೆದುಕೊಂಡ ನಾಮಫಲಕದ ಬರಹಗಾರ, ಬಡಗಿ, ಕುಂಬಾರ, ನೇಕಾರ, ರಂಗೋಲಿಯ ತಾಯಂದಿರು, ಅವರ ಮಕ್ಕಳು ಅಲ್ಲಿ ಕೂರಲಿ. ಚಿತ್ರ ಮುಗಿದ ಮೇಲೆ ದೀಪ ಹಾಕಿ, ‘ಇದನ್ನು ಹೇಗೆ ಮಾಡಿರಬಹುದು?’ ಎಂದು ಅವರನ್ನು ಕೇಳೋಣ. ಉತ್ತರ ಹೇಳಬಲ್ಲವರು ಅವರೇ. ನಮ್ಮ ಜಿಲ್ಲೆಯ ಗ್ರಂಥಾಲಯದ ಅಧಿಕಾರಿಗಳು ಇದಕ್ಕೆ ಒಪ್ಪಿ ಬರುವ ತಿಂಗಳೇ ಆರಂಭಿಸಲಿ. ಒಪ್ಪದಿದ್ದರೆ, ಕರ ಕಟ್ಟಿದ ರಸೀದಿಗಳನ್ನು ಹಿಡಿದುಕೊಂಡು ಹೋಗಿ ಕೇಳಲು ಓದುಗರು ಹಿಂಜರಿಯಬಾರದು.