ಹಾವಿಗೆ ಮುದ್ದು ಬೇಕಿಲ್ಲ

ಸಾಕಿದ ಹಾವು ಕೊರಳಲ್ಲಿ ಸುಮ್ಮನೆ ಕೂತಿದೆ ಅಂದ್ರೆ ಅದು ಪಳಗಿದೆ, ನೆಮ್ಮದಿಯಾಗಿದೆ ಅಂತ ನಂಬುವವರು ಬಹಳ ಜನ. ನನಗೇನೋ ಈ ಮಾತು ಒಪ್ಪಿಗೆಯಿಲ್ಲ. ಹಾವಿಗೆ ನಮ್ಮ ಮೈ ಅಂದ್ರೆ ಬೆಚ್ಚಗಿನ ಮರದ ಕೊಂಬೆ, ಅಷ್ಟೇ. ಬಿಗಿಯಾಗಿ ಸುತ್ತಿಕೊಂಡರೆ ಅದು ಪ್ರೀತಿಯಲ್ಲ ಮಾರಾಯ್ರೇ, ಬೀಳುವ ಭಯ!

ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಯ್ತು. ನಮ್ಮ ಬಿಲ್ಡಿಂಗಿನಲ್ಲಿ ಬಾಡಿಗೆಗಿರುವ ಹುಬ್ಬಳ್ಳಿ ಹುಡುಗನೊಬ್ಬ ಬೋವಾ ಸಾಕಿದ್ದಾನೆ. ದಕ್ಷಿಣ ಅಮೆರಿಕದ ಕಡೆಯದು, ವಿಷವಿಲ್ಲ, ನಮ್ಮ ಹೆಬ್ಬಾವಿನಂತೆ ಸುತ್ತಿ ಹಿಡಿದು ಕೊಲ್ಲುವ ಜಾತಿ. ಈಗ ಆರಡಿ ಇದೆ. ಕಾಗದಪತ್ರ ಸರಿಯಾಗಿದೆ. ನಮ್ಮ ದೇಶದ ಹೆಬ್ಬಾವು, ಕೇರೆ, ನಾಗರಗಳನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. ಬೋವಾದಂಥ ಹೊರದೇಶದ್ದನ್ನು 2024ರ ನಿಯಮದಂತೆ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಅವನು ಮಾಡಿಸಿದ್ದಾನೆ.

ನನ್ನ ತಕರಾರು ಬೇರೆ. ಮನೆಗೆ ಯಾರು ಬಂದರೂ ಅದನ್ನು ತೆಗೆದು ಹೆಗಲಿಗೆ ಹಾಕಿಕೊಳ್ತಾನೆ. "ಕಾಕಾ, ಎಷ್ಟ್ ಶಾಂತ ಐತಿ ನೋಡ್ರಿ, ನನ್ನ ಗುರ್ತ ಹಿಡಿತೈತಿ" ಅಂತಾನೆ. ಹಾವು ಇಲಿ ನುಂಗಿದ ಮೇಲೆ ಕನಿಷ್ಠ ಎರಡು ದಿನ ಮುಟ್ಟಬಾರದು, ಮುಟ್ಟಿದರೆ ಕಕ್ಕಿಬಿಡಬಹುದು. ಪೊರೆ ಬಿಡುವ ಮುಂಚೆ ಕಣ್ಣು ಮಂಜಾಗಿರುತ್ತೆ, ಆಗಲೂ ಬೇಡ. ಉಳಿದ ದಿನವೂ ಅದಕ್ಕೆ ಬೇಕಾದ್ದು ಅಡಗಲು ಒಂದು ಗೂಡು. ಒಂದಲ್ಲ, ಎರಡು: ಬೆಚ್ಚಗಿನ ಕಡೆಗೊಂದು, ತಂಪಿನ ಕಡೆಗೊಂದು. ಒಂದೇ ಇದ್ದರೆ ಪಾಪದ ಪ್ರಾಣಿ ಧೈರ್ಯ ಬೇಕೋ ಶಾಖ ಬೇಕೋ ಅಂತ ಆರಿಸಿಕೊಳ್ಳಬೇಕಾಗುತ್ತೆ. ಗಾಜಿಗೆ ಮೂತಿ ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುವ ಹಾವನ್ನು ನೋಡಿದ್ದೀರಾ? ಅದು ಆಟವಲ್ಲ.

ಶಾಖವಂತೂ ಇದರ ಜೀವ. ಹಾವಿನ ಮೈಯಲ್ಲಿ ನಮ್ಮ ಹಾಗೆ ಸ್ವಂತ ಒಲೆಯಿಲ್ಲ. ಬೋವಾಕ್ಕೆ ಪೆಟ್ಟಿಗೆಯ ಒಂದು ತುದಿ 31-32 ಡಿಗ್ರಿ, ಇನ್ನೊಂದು 26ರ ಆಸುಪಾಸು ಬೇಕು. ಪುಣೆಯ ಡಿಸೆಂಬರ್ ರಾತ್ರಿ ಹತ್ತು ಡಿಗ್ರಿಗೆ ಇಳಿದಾಗ? ನುಂಗಿದ್ದು ಅರಗುವುದಿಲ್ಲ, ಶ್ವಾಸಕೋಶಕ್ಕೆ ಸೋಂಕು ತಗಲುತ್ತೆ, ಬಾಯಿ ತೆರೆದು ಉಸಿರಾಡುತ್ತೆ, ಬಾಯಂಚಲ್ಲಿ ನೊರೆ. ಬಲ್ಬು ಹಾಕಿದರೆ ಸಾಲದು. ಥರ್ಮೋಸ್ಟಾಟ್ ಇಲ್ಲದ ಬಲ್ಬಿನಡಿ ಮೈ ಸುಟ್ಟರೂ ಹಾವು ಅಲ್ಲೇ ಬಿದ್ದಿರುತ್ತೆ. ಏಪ್ರಿಲಿನ ಒಣಹವೆಯಲ್ಲಿ ಪೊರೆ ಚೂರುಚೂರಾಗಿ ಬಂದರೆ ತೇವ ಸಾಲದು ಅಂತಲೇ ಅರ್ಥ. ಮೈ ಮುಳುಗುವಷ್ಟು ದೊಡ್ಡ ನೀರಿನ ಬಟ್ಟಲು ಇಡಬೇಕು. ಪೆಟ್ಟಿಗೆಯೂ ಹಾವು ಉದ್ದಕ್ಕೆ ಚಾಚಿ ಮಲಗುವಷ್ಟು ಇರಲಿ.

ಊಟದ ವಿಷಯಕ್ಕೆ ಬಂದರೆ ನಮ್ಮವರ ಕರುಣೆಯೇ ಅಪಾಯ. "ಮೂರು ವಾರದಿಂದ ಉಪವಾಸ!" ಅಂತ ಪಕ್ಕದ ಮನೆ ಅಜ್ಜಿ ಮರುಗಿದ್ದೇ ಮರುಗಿದ್ದು. ಬೆಳೆದ ಬೋವಾಕ್ಕೆ ಎರಡು-ಮೂರು ವಾರಕ್ಕೊಂದು ಇಲಿ ಸಾಕು, ಅದೂ ಸತ್ತದ್ದು. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯ ಮಾಡುತ್ತೆ. ಪಂಜರದ ಹಾವು ಹಸಿವಿಗಿಂತ ಬೊಜ್ಜಿನಿಂದ ನರಳುವುದೇ ಹೆಚ್ಚು. (ಅಜ್ಜಿ ಪಂಚಮಿಗೆ ಹಾಲೂ ಕಳಿಸಿದ್ದರು. ಹುಡುಗನೇ ಕುಡಿದ.)

ಇದೆಲ್ಲ ಕಲಿತುಕೊಳ್ಳಬಹುದು. ಕಷ್ಟ ಇರುವುದು ಲೆಕ್ಕದಲ್ಲಿ. ಬೋವಾ ಇಪ್ಪತ್ತೈದು ವರ್ಷ ಆರಾಮಾಗಿ ಬದುಕುತ್ತೆ. ನಮ್ಮಂಥ ಪರಊರಿನವರ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು! ವರ್ಗ, ಆನ್‌ಸೈಟ್, ಮದುವೆ, "ಹಾವಿದ್ದರೆ ಮನೆಯಿಲ್ಲ" ಅನ್ನುವ ಮಾಲೀಕ... ಹಾವು ನೋಡಬಲ್ಲ ಡಾಕ್ಟರು ಮುಂದಿನ ಊರಿನಲ್ಲಿ ಸಿಗ್ತಾರೋ ಇಲ್ವೋ. ಗುಡ್ಡಕ್ಕೆ ಬಿಟ್ಟುಬಿಡೋಣ ಅಂದರೆ ಅದು ಈ ಮಣ್ಣಿನ ಜೀವವಲ್ಲ. ಫ್ಲೋರಿಡಾದಲ್ಲಿ ಸಾಕಿದವರ ಕೈಬಿಟ್ಟ ಬರ್ಮಾ ಹೆಬ್ಬಾವುಗಳು ಎವರ್‌ಗ್ಲೇಡ್ಸಿನ ಸಣ್ಣಪುಟ್ಟ ಪ್ರಾಣಿಗಳನ್ನು ಖಾಲಿ ಮಾಡ್ತಾ ಕೂತಿವೆ.

ಅದಕ್ಕೇ ನನ್ನ ಅಭಿಪ್ರಾಯ: ಸ್ವಂತ ಸೂರಿಲ್ಲದವರು, ತಾವು ಹೋದಮೇಲೆ ಯಾರು ಅಂತ ಗೊತ್ತಿಲ್ಲದವರು ಇಂಥ ಹಾವನ್ನು ತರಲೇಬಾರದು. ಮಾರುವವನೇ "ನಿಮ್ಮ ನಂತರ ಇದನ್ನ ಯಾರು ನೋಡ್ಕೊಳ್ತಾರೆ?" ಅಂತ ಕೇಳಬೇಕು. ಹಾಗೆ ಕೇಳುವ ಅಂಗಡಿಯವನನ್ನು ನಾನಿನ್ನೂ ಕಂಡಿಲ್ಲ. ನೀವು ಕಂಡಿದ್ದರೆ ಹೇಳಿ.