ನಾವು ಯಾರನ್ನು ಕಂಡು ನಗುತ್ತಿದ್ದೇವೆ?

ಕಳೆದ ಆಷಾಢದ ಒಂದು ಸಂಜೆ. ಕವಲೇದುರ್ಗದ ಮಳೆಯನ್ನು ಬಲ್ಲ ನಿಮಗೆ ಅದರ ವರ್ಣನೆ ಬೇಕಿಲ್ಲ. ಎರಡು ದಿನದ ನಂತರ ವಿದ್ಯುತ್ತು ಬಂದಿತ್ತು. ಮೊಮ್ಮಗ ಟಿ.ವಿ. ಹಾಕಿದ. ಯಾವುದೋ ಹಾಸ್ಯ ಕಾರ್ಯಕ್ರಮ. ಸೀರೆ ಉಟ್ಟ ದಪ್ಪ ಗಂಡಸೊಬ್ಬನ ಮೈಯನ್ನೂ ಬಣ್ಣವನ್ನೂ ಉಳಿದವರು ಹಂಗಿಸುತ್ತಿದ್ದರು. ಪ್ರತಿ ಮಾತಿಗೂ ಹಿನ್ನೆಲೆಯಲ್ಲಿ ನಗೆಯ ಅಲೆ. "ಅಜ್ಜ, ನೀವು ಯಾಕೆ ನಗೋದಿಲ್ಲ?" ಎಂದು ಹುಡುಗ ಕೇಳಿದ. ಆಗ ಉತ್ತರ ಹೊಳೆಯಲಿಲ್ಲ. ಈ ಬರಹ ಅವನಿಗೆ ಕೊಡಬೇಕಾಗಿದ್ದ ಉತ್ತರ.

ಸಾವು, ರೋಗ, ಬಡತನಗಳನ್ನು ಹಾಸ್ಯಕ್ಕೆ ಎಳೆಯಬಾರದೆಂದು ನನ್ನ ಓರಗೆಯ ಅನೇಕರು ಹೇಳುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಕತ್ತಲೆಯನ್ನು ಮುಟ್ಟದ ಹಾಸ್ಯ ಬಹುಬೇಗ ಹಳಸುತ್ತದೆ. ಅಸಂಬದ್ಧವೂ ನಮಗೆ ಹೊಸದಲ್ಲ. ಚಂದ್ರಶೇಖರ ಪಾಟೀಲರ 'ಕೊಡೆಗಳು' ಮುಂತಾದ ಅಸಂಗತ ನಾಟಕಗಳು ಕನ್ನಡಕ್ಕೆ ಬಂದು ಅರ್ಧ ಶತಮಾನವೇ ಆಯಿತು. 2015ರ 'ತಿಥಿ' ಚಿತ್ರದಲ್ಲಿ ಮಂಡ್ಯ ಸೀಮೆಯ ಹಳ್ಳಿಗರೇ ನಟಿಸಿ, ನೂರು ದಾಟಿದ ಮುದುಕನ ಸಾವಿನ ಸುತ್ತ ನಮ್ಮನ್ನು ನಗಿಸಲಿಲ್ಲವೇ? ಸಾವಿನ ಮನೆಯ ಜಗುಲಿಯಲ್ಲಿ ಕುಳಿತವರ ಮಾತುಗಳನ್ನು ಕೇಳಿದ ಮಲೆನಾಡಿಗರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಶಂಕರ್ ನಾಗ್ ಅವರು 1980ರ ದಶಕದಲ್ಲಿ ದೂರದರ್ಶನಕ್ಕಾಗಿ 'ಮಾಲ್ಗುಡಿ ಡೇಸ್' ತೆಗೆದಾಗ ನಮ್ಮ ತಾಲ್ಲೂಕಿನ ಆಗುಂಬೆಯೇ ಮಾಲ್ಗುಡಿಯಾಯಿತು. ಎಲ್ಲರೂ ಸ್ವಾಮಿಯನ್ನು ನೆನೆಯುತ್ತಾರೆ. ನನಗೆ ಮಾತ್ರ ಆರ್.ಕೆ. ನಾರಾಯಣರ ರೋಡ್ ಎಂಜಿನ್ನಿನ ಕಥೆಯೇ ಹೆಚ್ಚು ಪ್ರಿಯ. ಊರಿಗೆ ಬಂದ ಪ್ರದರ್ಶನವೊಂದರಲ್ಲಿ ಬಡಪಾಯಿಯೊಬ್ಬನಿಗೆ ಬಹುಮಾನವಾಗಿ ರಸ್ತೆ ಸಮ ಮಾಡುವ ಎಂಜಿನ್ನು ಬರುತ್ತದೆ. ಅದನ್ನು ಕೊಳ್ಳುವವರಿಲ್ಲ, ಓಡಿಸುವವರಿಲ್ಲ. ಮೈದಾನದಲ್ಲಿ ನಿಂತ ತಪ್ಪಿಗೆ ಪುರಸಭೆ ಬಾಡಿಗೆ ಕೇಳುತ್ತದೆ. ದೇವಸ್ಥಾನದ ಆನೆಯಿಂದ ಎಳೆಸಿದರೆ ಅದು ಗೋಡೆಗೆ ನುಗ್ಗುತ್ತದೆ. ಕೊನೆಗೆ ಭೂಕಂಪವೊಂದು ಅದನ್ನು ಹಾಳುಬಾವಿಗೆ ಉರುಳಿಸಿ ಅವನನ್ನು ಪಾರುಮಾಡುತ್ತದೆ. ಇಷ್ಟು ಅಸಂಬದ್ಧವಾದ ಕಥೆಯಲ್ಲಿಯೂ ಆ ಬಡಪಾಯಿಯ ರೂಪವನ್ನಾಗಲಿ ದಡ್ಡತನವನ್ನಾಗಲಿ ಯಾರೂ ಹೀಯಾಳಿಸುವುದಿಲ್ಲ. ತಾಲ್ಲೂಕು ಕಚೇರಿಗೆ ಒಮ್ಮೆಯಾದರೂ ಅಲೆದವರು ಅವನಲ್ಲಿ ತಮ್ಮನ್ನೇ ಕಾಣುತ್ತಾರೆ.

ಇನ್ನೊಂದು, 'ತಬರನ ಕಥೆ'. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ನಮ್ಮ ತಾಲ್ಲೂಕಿನವರೇ ಆದ ಗಿರೀಶ ಕಾಸರವಳ್ಳಿಯವರು ಚಿತ್ರವಾಗಿಸಿದರು. 34ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅದಕ್ಕೆ ಸ್ವರ್ಣಕಮಲ ಬಂತು. ದೂರದರ್ಶನದಲ್ಲಿ ಅದು ಪ್ರಸಾರವಾದ ದಿನ ನೆರೆಮನೆಯ ಹಜಾರದಲ್ಲಿ ಇಪ್ಪತ್ತು ಮಂದಿ ಕುಳಿತಿದ್ದೆವು. ಚಾರುಹಾಸನ್ ನಟಿಸಿದ ತಬರ ಸ್ವಾತಂತ್ರ್ಯವನ್ನೇ ಬೈಯುತ್ತ ಬ್ರಿಟಿಷರನ್ನು ಹೊಗಳುವಾಗ ಎಲ್ಲರೂ ನಕ್ಕರು. ಪಿಂಚಣಿ ಬಾರದೆ, ಕಾಯಿಲೆಯ ಹೆಂಡತಿಗೆ ಔಷಧೋಪಚಾರ ಮಾಡಿಸಲಾಗದೆ ಅವನು ಕಂಬದಿಂದ ಕಂಬಕ್ಕೆ ಅಲೆಯತೊಡಗಿದಾಗ ನಗು ತಾನಾಗಿ ನಿಂತಿತು. ಮೊದಲು ನಕ್ಕಿದ್ದಕ್ಕೆ ನಮಗೇ ನಾಚಿಕೆಯಾಯಿತು. ಪ್ರೇಕ್ಷಕನಿಗೆ ತನ್ನ ನಗುವಿನ ಲೆಕ್ಕ ಕೇಳುವ ಇಂತಹ ಕೃತಿಗಳು ವಿರಳ.

ಇಲ್ಲಿಯವರೆಗೆ ಬರೆದದ್ದು ಸುಲಭ. ಇನ್ನು ಮುಂದಿನದು ನನ್ನದೇ ತಪ್ಪಿನ ಮಾತು.

2000ರ ದಶಕದಲ್ಲಿ ಈಟಿವಿ ಕನ್ನಡದಲ್ಲಿ ಫಣಿ ರಾಮಚಂದ್ರ ಅವರ 'ದಂಡಪಿಂಡಗಳು' ಬರುತ್ತಿದ್ದುದು ನಿಮಗೆಲ್ಲ ನೆನಪಿರಬಹುದು. ಕೆಲಸವಿಲ್ಲದ ಯುವಕರ ಪಾಡನ್ನೇ ಹಾಸ್ಯವಾಗಿಸಿದ ಧಾರಾವಾಹಿ. ನಾನೂ ತಪ್ಪದೆ ನೋಡುತ್ತಿದ್ದೆ. ನನ್ನ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕಾಡುದಾರಿಯಲ್ಲಿ ನಡೆದು, ಕಂಬಳಿಕೊಪ್ಪೆ ಹೊದ್ದು, ದಿನವೂ ತಡವಾಗಿ ಬರುತ್ತಿದ್ದ. ಒಂದು ದಿನ ಅವನು ಬಾಗಿಲಲ್ಲಿ ನೀರು ಸುರಿಸುತ್ತ ನಿಂತಾಗ ನಾನು, "ಬಂತು ನೋಡಿ, ನಮ್ಮ ಶಾಲೆಯ ದಂಡಪಿಂಡ!" ಎಂದೆ. ತರಗತಿ ಘೊಳ್ಳೆಂದಿತು. ಅವನೂ ನಕ್ಕ. ಮೇಷ್ಟ್ರಿಗೆ ಹಾಸ್ಯಪ್ರಜ್ಞೆಯಿದೆ ಎನಿಸಿಕೊಂಡ ಸಂತೋಷ ನನಗೆ. ಆ ಹೆಸರು ಅವನಿಗೆ ಅಂಟಿಕೊಂಡಿತು. ದೀಪಾವಳಿಯ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲೇ ಇಲ್ಲ.

ಹಲವು ವರ್ಷಗಳ ಮೇಲೆ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಹೆಂಡತಿ ಮಕ್ಕಳೊಡನೆ ಎದುರಾದ. ಕಾಲಿಗೆ ನಮಸ್ಕರಿಸಿ ಮಗಳಿಗೆ ಹೇಳಿದ: "ಇವರು ನಮ್ಮ ಮೇಷ್ಟ್ರು ಕಣಮ್ಮ, ಬಹಳ ತಮಾಷೆ ಮಾಡ್ತಿದ್ರು." ಆ ಮಾತಿನಲ್ಲಿ ಕೋಪವಿರಲಿಲ್ಲ. ಶಾಲೆ ಏಕೆ ಬಿಟ್ಟೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಇಂದಿಗೂ ಬಂದಿಲ್ಲ.

ಧಾರಾವಾಹಿಯ ಯುವಕರು ತಮ್ಮ ಪಾಡಿಗೆ ತಾವೇ ನಗುತ್ತಿದ್ದರು, ತಮ್ಮನ್ನು ಹಾಗೆ ಮಾಡಿದ ಲೋಕವನ್ನೂ ನಗೆಪಾಟಲಾಗಿಸುತ್ತಿದ್ದರು. ಅದೇ ಮಾತು ಮೇಜಿನ ಹಿಂದೆ ನಿಂತವನ ಬಾಯಿಗೆ ಬಂದಾಗ ಬೆತ್ತಕ್ಕಿಂತ ಕ್ರೂರವಾಯಿತು. ಬೆತ್ತದ ಬಾಸುಂಡೆ ವಾರದಲ್ಲಿ ಮಾಯುತ್ತದೆ.

ಆದುದರಿಂದ ಟಿ.ವಿ.ಯ ಹಾಸ್ಯಗಾರರಲ್ಲಿ ನನ್ನ ಬೇಡಿಕೆ ಮಡಿವಂತಿಕೆಯದಲ್ಲ. ಸಾವಿನ ಬಗ್ಗೆ, ಹಸಿವಿನ ಬಗ್ಗೆ ಧಾರಾಳವಾಗಿ ನಗಿಸಿ. ತಲೆಬುಡವಿಲ್ಲದ ಕಥೆಗಳನ್ನೇ ಹೇಳಿ. ಯಕ್ಷಗಾನದ ಹಾಸ್ಯಗಾರ ತುಂಬಿದ ಆಸ್ಥಾನದಲ್ಲಿ ರಾಜನನ್ನೇ ಕೆಣಕುತ್ತಾನೆ; ಅಷ್ಟು ಎದೆಗಾರಿಕೆ ನಿಮಗೂ ಇರಲಿ. ದಪ್ಪಗಿರುವವರು, ಕಪ್ಪಗಿರುವವರು, ತೊದಲುವವರು ತಿರುಗಿ ಮಾತಾಡಲಾರರು ಎಂಬ ಧೈರ್ಯದ ಮೇಲೆ ಕಟ್ಟಿದ ನಗು ಮಾತ್ರ ನಮಗೆ ಬೇಡ.

ಮೊಮ್ಮಗನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಅಣ್ಣನಿಗೆ ಸಾರಿ ಹೇಳಿದ್ರಾ ಅಜ್ಜ?" ಎಂದ.

ಹೇಳಿರಲಿಲ್ಲ. ಇದನ್ನು ಓದುವ ಶಿಷ್ಯರಲ್ಲಿ ಅವನಿದ್ದರೆ, ಅಥವಾ ಅವನ ಜೊತೆಗೆ ಕುಳಿತವರಿದ್ದರೆ, ಮೇಷ್ಟ್ರು ಕ್ಷಮೆ ಕೇಳಿದ್ದಾರೆಂದು ದಯವಿಟ್ಟು ತಿಳಿಸಿ. ಮಳೆ ಕಡಿಮೆಯಾದ ಮೇಲೆ ಅವನ ಮನೆಗೆ ನಾನೇ ಹೋಗುವವನಿದ್ದೇನೆ.