ಉತಾರದ ಯಂತ್ರವೂ ಹೊಸ ತಾಲೂಕೂ

2000ದ ಸುಮಾರಿಗೆ ‘ಭೂಮಿ’ ಯೋಜನೆಯು ರಾಜ್ಯದ ಎರಡು ಕೋಟಿಯಷ್ಟು ಉತಾರಗಳನ್ನು ಗಣಕಯಂತ್ರಕ್ಕೆ ಏರಿಸಿದಾಗ ಚಡಚಣದವರು ನಾವು ಇಂಡಿ ತಾಲೂಕಿನವರು. 2018ರಲ್ಲಿ ಚಡಚಣವೇ ತಾಲೂಕಾಯಿತು. ಹೊಲ ಕದಲಲಿಲ್ಲ, ಬಾಂದುಗಲ್ಲು ಕದಲಲಿಲ್ಲ. ದಾಖಲೆಯಲ್ಲಿ ಮಾತ್ರ ಊರಿಗೆ ಊರೇ, ಸಾಲದ ಬೋಜಾ ಸಹಿತ, ತಾಲೂಕು ಬದಲಿಸಬೇಕು. ತಾಲೂಕುಗಳು ಇಷ್ಟೇ ಎಂದು ನಂಬಿ ಕಟ್ಟಿದ ತಂತ್ರಾಂಶಕ್ಕೆ ಇದು ಪಾಯವನ್ನೇ ಅಗೆಯುವ ಕೆಲಸ. ಉತಾರ ಸಿಗದ ದಿನ ರೈತನಿಗೆ ಸೊಸಾಯಿಟಿಯ ಸಾಲವೂ ಇಲ್ಲ.

‘ಭೂಮಿ’ಯನ್ನು ಕಟ್ಟಿದ್ದು ಸರಕಾರದ್ದೇ ಸಂಸ್ಥೆಯಾದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ; ಬೇಕಾದಾಗ ಮನೆಯವರೇ ತಿದ್ದಬಹುದು. ಟೆಂಡರು ಕರೆದು ಹೊರಗಿನವರಿಂದ ಕೊಂಡದ್ದಾದರೆ ತಿದ್ದುಪಡಿಗೊಮ್ಮೆ ಹೊಸ ಬಿಲ್ಲು! ಆದ್ದರಿಂದ ಬೆಲೆಯನ್ನೂ ಪರದೆಯ ಅಂದವನ್ನೂ ತೂಗಿದರೆ ಸಾಲದು, ಒಳರಚನೆಯನ್ನೂ ತೂಗಬೇಕೆಂಬುದು ನನ್ನ ಮತ. ಇದಕ್ಕೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಒಂದು ಪದ್ಧತಿಯನ್ನೇ ರೂಪಿಸಿದ್ದಾರೆ. ತಾಲೂಕು ಒಡೆದರೆ? ಒಂದೇ ದಿನ ಲಕ್ಷ ಜನ ಉತಾರ ಕೇಳಿದರೆ? ಹೀಗೆ ಒಂದೊಂದೇ ಸನ್ನಿವೇಶವನ್ನು ಮುಂದಿಟ್ಟು, ರಚನೆಯಲ್ಲಿ ಎಲ್ಲೆಲ್ಲಿ ಕೈಹಚ್ಚಬೇಕಾದೀತೆಂದು ಕಟ್ಟುವವರಿಂದಲೇ ಹೇಳಿಸುವುದು. ಕರಾರಿಗೆ ಸಹಿ ಬೀಳುವ ಮೊದಲೇ ಇದು ಆಗತಕ್ಕದ್ದು.

ಆ ಪ್ರಶ್ನೆಗಳನ್ನು ಬರೆಯಲು ಬೆಂಗಳೂರಿನ ತಜ್ಞರು ಕೂಡ್ರಲಿ, ಬೇಡವೆನ್ನುವುದಿಲ್ಲ. ಅವರ ಪಕ್ಕದಲ್ಲಿ ನಮ್ಮ ಕಡೆಯ ತಲಾಠಿಯೊಬ್ಬರಿಗೂ ಕುರ್ಚಿ ಹಾಕಲಿ.